ಕೆಮ್ಮಣ್ಣಿನ ಶೇಂಗಾ, ಕಾಲುವೆಯ ಬೆಲ್ಲ

ಮುಂಗಾರಿಗೆ ಬಿತ್ತಿದ ಶೇಂಗಾ ದಸರೆಯ ಆಸುಪಾಸಿಗೆ ಕೀಳಲು ಬರುತ್ತದೆ. ಅಲ್ಲಿಂದ ದೀಪಾವಳಿ ಕಳೆಯುವವರೆಗೆ ಹೊಸಪೇಟೆಯ ಬಸ್ ನಿಲ್ದಾಣದ ಸುತ್ತಮುತ್ತ, ಸಂಡೂರಿನ ಸಂತೆಯಲ್ಲಿ, ಕಂಪ್ಲಿಯ ರಸ್ತೆಬದಿಯಲ್ಲಿ ಹಬೆಯಾಡುವ ತಳ್ಳುಗಾಡಿಗಳು ನಿಲ್ಲುತ್ತವೆ. ಗಾಡಿಯ ಮೇಲಿರುವುದು ಉಪ್ಪುನೀರಿನಲ್ಲಿ ಕುದಿಸಿದ ಹಸಿ ಶೇಂಗಾ. ಬಿಸಿ ಆರದಿರಲೆಂದು ಮೇಲೊಂದು ಒದ್ದೆ ಗೋಣಿಚೀಲ. ಪಾವಿನಲ್ಲಿ ಅಳೆದು, ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಕೈಗಿಡುತ್ತಾರೆ. ಊರಿನವರು ನಿಂತಲ್ಲೇ ಸುಲಿದು ತಿನ್ನುತ್ತಾರೆ. ಹಂಪಿ ನೋಡಲು ದೂರದಿಂದ ಬಂದವರು ಮಾತ್ರ ಆ ಗಾಡಿಯನ್ನು ದಾಟಿ ಹೋಗಿ ಆಟೊ ಹತ್ತುತ್ತಾರೆ. ಮಧ್ಯಾಹ್ನ ಗೋಬಿ ಮಂಚೂರಿಯನ್ನೋ ನೂಡಲ್ಸನ್ನೋ ಪನೀರ್ ಮಸಾಲೆಯನ್ನೋ ತಿಂದು, ಸಂಜೆ ಮಾತಂಗ ಬೆಟ್ಟದ ಮೇಲೆ ಸೂರ್ಯಾಸ್ತ ನೋಡಿ, ರಾತ್ರಿಯ ರೈಲು ಹಿಡಿಯುತ್ತಾರೆ.

ಇದು ನನಗೆ ಬಹಳ ಬೇಸರ ತರಿಸುವ ಸಂಗತಿ. ಒಂದು ಸೀಮೆಯ ಕಲ್ಲನ್ನು ಅಷ್ಟು ಶ್ರದ್ಧೆಯಿಂದ ನೋಡುವವರು ಆ ಸೀಮೆಯ ಅನ್ನವನ್ನು ಮುಟ್ಟದೆ ಹೋಗುತ್ತಾರೆ. ತಪ್ಪು ಅವರೊಬ್ಬರದೇ ಎನ್ನಲಾಗದು. ಇಲ್ಲಿ ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಏಕೆ ತಿನ್ನಬೇಕು ಎಂದು ನಾವು ಹೇಳಿಯೇ ಇಲ್ಲ. ಆ ಕೆಲಸವನ್ನು ಇಂದು ಮಾಡೋಣ.

ಆಡಳಿತದ ಲೆಕ್ಕದಲ್ಲಿ ಹೊಸಪೇಟೆ ಮತ್ತು ಹಂಪಿ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಊಟದ ಲೆಕ್ಕದಲ್ಲಿ ಈ ನಾಲ್ಕೂ ಊರು ಒಂದೇ. ಈ ಊಟವನ್ನು ರೂಪಿಸಿರುವುದು ಎರಡು ಸಂಗತಿ: ಮಳೆಗೆ ಕಾಯುವ ಕೆಂಪು ಮಣ್ಣು, ಮಳೆಗೆ ಕಾಯದ ಕಾಲುವೆಯ ನೀರು. ಸಂಡೂರು ಕಡೆಯ ಏರು ಹೊಲಗಳಲ್ಲಿ, ಇನ್ನೂ ದಕ್ಷಿಣಕ್ಕೆ ಕೂಡ್ಲಿಗಿಯ ಬಯಲಿನಲ್ಲಿ ಶೇಂಗಾ, ಜೋಳ, ಸಜ್ಜೆ, ನವಣೆ. ತುಂಗಭದ್ರೆಯ ದಂಡೆಯ ಕಂಪ್ಲಿ, ಕಮಲಾಪುರ, ಹೊಸಪೇಟೆಯ ತಗ್ಗಿನಲ್ಲಿ ಭತ್ತ, ಕಬ್ಬು, ಬಾಳೆ. ಒಣ ನೆಲದ ಕಾಳು ಮತ್ತು ನೀರು ನೆಲದ ಬೆಲ್ಲ ಒಂದೇ ತಟ್ಟೆಯಲ್ಲಿ ಕೂಡುವುದೇ ಇಲ್ಲಿಯ ಅಡುಗೆಯ ಗುಣ.

ಮಣ್ಣಿನೊಳಗೆ ಬಲಿಯುವ ಕಾಯಿ

ಶೇಂಗಾ ತಿನ್ನುವವರೆಲ್ಲ ಶೇಂಗಾ ಗಿಡವನ್ನು ನೋಡಿರುವುದಿಲ್ಲ. ಮೊಳಕಾಲು ಮುಟ್ಟದ ಗಿಡ, ಹಳದಿ ಹೂ. ಹೂವು ಅರಳುವುದು ನೆಲದ ಮೇಲೆ, ಕಾಯಿ ಬಲಿಯುವುದು ನೆಲದ ಒಳಗೆ. ಪರಾಗಸ್ಪರ್ಶವಾದ ಮೇಲೆ ಹೂವಿನ ಬುಡದಿಂದ ಮೊಳೆಯಂಥ ಒಂದು ಕಡ್ಡಿ ಹೊರಟು, ಕೆಳಮುಖವಾಗಿ ಬೆಳೆದು ಮಣ್ಣಿಗೆ ಇಳಿಯುತ್ತದೆ. ಅದರ ತುದಿಯಲ್ಲಿ, ಕತ್ತಲೆಯಲ್ಲಿ, ಕಾಯಿ ಕಟ್ಟುತ್ತದೆ. ಮಣ್ಣು ಬಿಗಿಯಾಗಿದ್ದರೆ ಕಡ್ಡಿ ಇಳಿಯದು. ಆದ್ದರಿಂದಲೇ ಈ ಬೆಳೆಗೆ ಸಡಿಲವಾದ ಕೆಂಪು ಮರಳುಮಣ್ಣು ಒಗ್ಗುತ್ತದೆ. ಆದ್ದರಿಂದಲೇ ರೈತರು ಹೂವಾಗುವ ಮುಂಚೆ ಎಡೆಕುಂಟೆ ಹೊಡೆದು ಸಾಲಿನ ನಡುವಿನ ಮಣ್ಣನ್ನು ಮೆತ್ತಗೆ ಮಾಡುತ್ತಾರೆ. ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬಹುಮಟ್ಟಿಗೆ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಜಿಪ್ಸಂ ಹಾಕುವುದು ಇದಕ್ಕಾಗಿ. ಸುಣ್ಣ ಸಾಲದಿದ್ದರೆ ಸಿಪ್ಪೆ ದೊಡ್ಡದಾಗಿ, ಒಳಗೆ ಕಾಳು ಜೊಳ್ಳಾಗುತ್ತದೆ.

ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ಬಾದಾಮಿ, ಗೋಡಂಬಿಗಳ ನಂಟ ಅಲ್ಲ. ಅದು ತೊಗರಿ, ಹೆಸರು, ಅಲಸಂದೆಗಳ ಕುಟುಂಬದ್ದು. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಕಾಯಿ ಬಿಡಿಸಿಕೊಂಡ ಮೇಲೆ ಉಳಿಯುವ ಹೊಟ್ಟು ದನಕರುಗಳಿಗೆ ಒಳ್ಳೆಯ ಮೇವು. ಕಾಳು ಮನುಷ್ಯನಿಗೆ, ಹೊಟ್ಟು ದನಕ್ಕೆ, ಬೇರು ಭೂಮಿಗೆ. ಮಳೆಯಾಶ್ರಿತ ರೈತ ಈ ಬೆಳೆಯನ್ನು ಇಷ್ಟು ಕಾಲ ಕೈಬಿಡದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ತಳಿಗಳ ಮಾತು. ಟಿಎಂವಿ-2 ಎಂಬ ಹಳೆಯ ತಳಿ ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದ್ದು. 1940ರಿಂದಲೂ ದಕ್ಷಿಣದ ಹೊಲಗಳಲ್ಲಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4, ಅನಂತಪುರ ಸೀಮೆಯ ಕದಿರಿ ಕೇಂದ್ರದ ಕದಿರಿ-6 ಆಮೇಲೆ ಬಂದವು. ಬಿತ್ತಿ ಸುಮಾರು ಮೂರೂವರೆ ತಿಂಗಳಿಗೆ ಕೀಳುವ ಗೊಂಚಲು ಶೇಂಗಾವೇ ಇಲ್ಲಿ ಹೆಚ್ಚು. ಜೂನ್–ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಬೋರ್‌ವೆಲ್, ಕಾಲುವೆ ಇರುವವರು ಡಿಸೆಂಬರ್–ಜನವರಿಯಲ್ಲಿ ಇನ್ನೊಮ್ಮೆ ಬಿತ್ತಿ ಏಪ್ರಿಲ್ ಸುಮಾರಿಗೆ ಕೀಳುತ್ತಾರೆ. ಹಾಗಾಗಿ ಹಸಿ ಶೇಂಗಾ ಸಿಗುವ ಸುಗ್ಗಿ ವರ್ಷಕ್ಕೆ ಎರಡು ಸಲ, ಸಲಕ್ಕೆ ಕೆಲವು ವಾರ.

ಸಂಡೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ದಾರಿಯಲ್ಲಿ ಸುಗ್ಗಿಯ ಸಮಯದಲ್ಲಿ ಗಾಡಿ ನಿಲ್ಲಿಸಿ ನೋಡಿ. ಗಂಡಸರು ಗಿಡ ಕಿತ್ತು, ಕಾಯಿ ಮೇಲೆ ಬರುವಂತೆ ಮಗುಚಿ ಸಾಲಾಗಿ ಹಾಕುತ್ತ ಹೋಗುತ್ತಾರೆ. ಹೆಣ್ಣುಮಕ್ಕಳು ನೆರಳಿನಲ್ಲಿ ಕೂತು, ಒಂದೊಂದು ಗಿಡವನ್ನೂ ಹಿಡಿದು ಕಾಯಿ ಬಿಡಿಸುತ್ತಾರೆ. ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಕಡಿದುಕೊಂಡು ಉಳಿದ ಕಾಯಿಗಳನ್ನು ಮಕ್ಕಳು ಕೆದಕಿ ಆಯುತ್ತಾರೆ. ರಾತ್ರಿ ಹೊಲ ಕಾಯುವವರ ಪಾಡು ಬೇರೆ. ಕಾಡುಹಂದಿಗೂ ಕರಡಿಗೂ ಶೇಂಗಾ ಎಂದರೆ ಪ್ರಾಣ. ಕರಡಿಗಳಿಗೆಂದೇ 1994ರಲ್ಲಿ ದರೋಜಿ ಧಾಮ ಮಾಡಿದ ಸೀಮೆ ಇದು. ಕಲ್ಲುಗುಡ್ಡದ ಅಂಚಿನಲ್ಲಿ ಹೊಲವಿರುವವರು ಮಂಚಿಕೆ ಹಾಕಿ, ಬೆಂಕಿ ಮಾಡಿ, ಕೂಗು ಹಾಕಿ ಬೆಳೆ ಉಳಿಸಿಕೊಳ್ಳಬೇಕು. ಪಾವು ಶೇಂಗಾದ ಬೆಲೆಯಲ್ಲಿ ಚೌಕಾಸಿ ಮಾಡುವ ಮೊದಲು ಈ ರಾತ್ರಿಗಳನ್ನು ನೆನೆಯಬೇಕು.

ಕುದಿಸುವ ಹದ

ಕುದಿಸಲು ಬೇಕಾದದ್ದು ಅಂದೋ ಹಿಂದಿನ ದಿನವೋ ಕಿತ್ತ ಹಸಿ ಕಾಯಿ. ಒಣಗಿಸಿ ಚೀಲಕ್ಕೆ ತುಂಬಿದ ಶೇಂಗಾವನ್ನು ನೆನೆಸಿ ಕುದಿಸಿದರೂ ಬೇಯುತ್ತದೆ, ಆದರೆ ಆ ಸಿಹಿ ಬರದು. ಹಸಿ ಕಾಳಿನಲ್ಲಿ ನೀರಿನಂಶ ಹೆಚ್ಚು, ಸಕ್ಕರೆಯ ರುಚಿ ಮುಂದೆ, ಎಣ್ಣೆಯ ರುಚಿ ಹಿಂದೆ. ಹುರಿದಾಗ ಶೇಂಗಾದ ಕಂಪು ಬೇರೆಯೇ ಆಗುತ್ತದೆ, ಗರಿಗರಿಯಾಗುತ್ತದೆ. ಕುದಿಸಿದಾಗ ಅದು ತನ್ನ ಕುಲದ ಗುಣಕ್ಕೆ ಮರಳುತ್ತದೆ: ಬೆಂದ ಅವರೆಕಾಳಿನ ಮೆದು, ಅಲಸಂದೆಯ ಹಿಟ್ಟುಹಿಟ್ಟಾದ ಸವಿ.

ಹೊಸಪೇಟೆಯಲ್ಲಿ ಗಾಡಿಯೊಂದರ ಮುಂದೆ ನಿಂತು, "ಅಮ್ಮಾ, ಉಪ್ಪು ಯಾವಾಗ ಹಾಕ್ತೀರಿ?" ಎಂದು ಕೇಳಿದೆ.

"ಮೊದ್ಲಾ ಹಾಕ್ಬೇಕ್ರಿ. ಆಮ್ಯಾಲ ಹಾಕಿದ್ರ ಸಿಪ್ಪಿಗಷ್ಟಾ ಹತ್ತತೈತಿ, ಕಾಳಿಗೆ ಇಳಿಯಂಗಿಲ್ಲ. ಬೆಂದ ಮ್ಯಾಲೂ ಆ ನೀರಾಗಾ ಬಿಡ್ಬೇಕು" ಎಂದರು.

ಅವರು ಹೇಳಿದ್ದರಲ್ಲಿ ಇಡೀ ವಿದ್ಯೆ ಅಡಗಿದೆ. ಹಸಿ ಸಿಪ್ಪೆ ಮೆತ್ತಗಿರುತ್ತದೆ, ನೀರನ್ನು ಒಳಬಿಡುತ್ತದೆ. ಕುದಿಯುವಾಗ ಕಾಳು ಬೇಯುತ್ತದೆ. ಒಲೆ ಆರಿಸಿ ಅದೇ ನೀರಿನಲ್ಲಿ ಬಿಟ್ಟಾಗ, ಕಾಯಿ ತಣಿಯುತ್ತ ತಣಿಯುತ್ತ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಚೆನ್ನಾಗಿ ಕುದಿಸಿದ ಶೇಂಗಾವನ್ನು ಹಲ್ಲಿನಿಂದ ಒತ್ತಿದರೆ ಮೊದಲು ಬಾಯಿಗೆ ಬರುವುದು ಒಂದು ಗುಟುಕು ಬಿಸಿ ಉಪ್ಪುನೀರು. ಆಮೇಲೆ ಕಾಳು.

ಮನೆಯಲ್ಲಿ ಮಾಡುವವರಿಗೆ ಕ್ರಮ ಹೀಗೆ. ಕಾಯಿಯನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ, ಕೈಯಿಂದ ಉಜ್ಜಿ, ಕೆಂಪು ನೀರು ತಿಳಿಯಾಗುವವರೆಗೆ ತೊಳೆಯಿರಿ. ಮುಳುಗುವಷ್ಟು ನೀರು ಹಾಕಿ. ಆ ನೀರು ನಾಲಿಗೆಗೆ ಸಾರಿಗಿಂತ ತುಸು ಹೆಚ್ಚೇ ಉಪ್ಪಾಗಿರಲಿ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕುಕ್ಕರಿನಲ್ಲಿ ನಾಲ್ಕು ಸೀಟಿ. ಒಂದನ್ನು ಸುಲಿದು ನೋಡಿ. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಂತಿರಬೇಕು. ಅರ್ಧ ಗಂಟೆ ನೀರಿನಲ್ಲೇ ಬಿಟ್ಟು ಬಸಿಯಿರಿ. ಎಳೆಗಾಯಿ ಸಿಕ್ಕರೆ ಎಸೆಯಬೇಡಿ, ಸಿಪ್ಪೆ ಸಮೇತ ಅಗಿದು ರಸ ಹೀರಬಹುದು. ಕೊಳ್ಳುವಾಗ ಒಂದು ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಿ: ಬೆಳ್ಳಗಿದ್ದರೆ ಎಳೆಯದು, ಕಂದು ಛಾಯೆ ಹಿಡಿದಿದ್ದರೆ ಬಲಿತದ್ದು. ಎರಡೂ ಬೆರೆತ ರಾಶಿಯೇ ಕುದಿಸಲು ಚೆಂದ.

ಪೌಷ್ಟಿಕತೆಯ ಮಾತು. ಕುದಿಸಿದ 100 ಗ್ರಾಂ ಕಾಳಿನಲ್ಲಿ ಸುಮಾರು 318 ಕ್ಯಾಲರಿ, 13.5 ಗ್ರಾಂ ಪ್ರೋಟೀನ್ ಇರುತ್ತದೆ. ಒಣ ಕಾಳಿನಲ್ಲಾದರೆ ಅಷ್ಟೇ ತೂಕಕ್ಕೆ 567 ಕ್ಯಾಲರಿ, 25 ಗ್ರಾಂಗೂ ಹೆಚ್ಚು ಪ್ರೋಟೀನ್. ವ್ಯತ್ಯಾಸಕ್ಕೆ ಮುಖ್ಯ ಕಾರಣ ನೀರಿನಂಶ. ಹೊಟ್ಟೆ ತುಂಬುತ್ತದೆ, ಎಣ್ಣೆ ಕಡಿಮೆ ಹೋಗುತ್ತದೆ, ಸಂಜೆಯ ಹಸಿವಿಗೆ ಇದಕ್ಕಿಂತ ಒಳ್ಳೆಯ ತಿನಿಸು ಸಿಗುವುದು ಕಷ್ಟ. ರಕ್ತದೊತ್ತಡ ಇರುವವರು ಮನೆಯಲ್ಲಿ ಉಪ್ಪು ಇಳಿಸಿ ಕುದಿಸಿಕೊಳ್ಳಲಿ. ಶೇಂಗಾ ಅಲರ್ಜಿ ಇರುವವರು ಕುದಿಸಿದ್ದನ್ನೂ ಮುಟ್ಟಬಾರದು. ಬೂಷ್ಟು ಹಿಡಿದ, ಕಪ್ಪಾದ, ಕಹಿಯಾದ ಕಾಳನ್ನು ಉಗಿದುಬಿಡಿ. ತೇವದಲ್ಲಿ ಕೆಟ್ಟ ಶೇಂಗಾದ ಮೇಲೆ ಬೆಳೆಯುವ ಶಿಲೀಂಧ್ರ ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ, ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಕುದಿಸಿದ ಶೇಂಗಾ ಅಂದಂದೇ ಮುಗಿಯಬೇಕಾದ ತಿನಿಸು. ಮರುದಿನಕ್ಕೆ ಲೋಳೆಗಟ್ಟಿ ಹುಳಿಯಾಗುತ್ತದೆ.

ಪೇಸ್ ಕಾಣದ ಬೆಳೆ

ಹಂಪಿಯ ಭೋಜನಶಾಲೆಯನ್ನು ಬಹಳ ಮಂದಿ ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ಇಳಿದು ಹತ್ತಿರ ಹೋಗಬೇಕಾದ ಜಾಗ ಅದು. ನಡುವೆ ನೀರು ಹರಿಯುವ ಉದ್ದನೆಯ ಕಾಲುವೆ, ಅದರ ಎರಡೂ ಬದಿಗೆ ಕಲ್ಲಿನಲ್ಲಿ ಕೊರೆದ ತಟ್ಟೆಗಳ ಸಾಲು. ತಟ್ಟೆಯಲ್ಲಿ ದೊಡ್ಡದೊಂದು ಗುಳಿ, ಅದರ ಪಕ್ಕಕ್ಕೆ ಸಣ್ಣ ಸಣ್ಣ ಗುಳಿಗಳು. ಮುಖ್ಯ ಊಟಕ್ಕೊಂದು ಜಾಗ, ಪಲ್ಯ, ಚಟ್ನಿ, ಸಿಹಿ ಎಂದು ನೆಂಚಿಕೊಳ್ಳುವುದಕ್ಕೆ ಬೇರೆ ಬೇರೆ ಜಾಗ ಎಂದು ನೋಡಿದೊಡನೆ ಅನಿಸುತ್ತದೆ. ಇಂದು ಹೊಸಪೇಟೆಯ ಖಾನಾವಳಿಯಲ್ಲಿ ಬಡಿಸುವ ತಟ್ಟೆಯ ವಿನ್ಯಾಸವೂ ಬಹುಮಟ್ಟಿಗೆ ಹೀಗೆಯೇ.

ಆದರೆ ವಿಜಯನಗರದ ಕಾಲದ ಆ ತಟ್ಟೆಯಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇದ್ದಿರಲಾರದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪೇಸ್ ಈ ನಗರದ ಪೇಟೆಗಳನ್ನು ಬೆರಗಾಗಿ ವರ್ಣಿಸಿದ್ದಾನೆ. ಅಕ್ಕಿ, ಗೋಧಿ, ಹೆಸರು, ಹುರುಳಿ ಮೊದಲಾದ ಧಾನ್ಯಗಳನ್ನು, ಮಾವು, ಹಲಸು, ನಿಂಬೆ, ದಾಳಿಂಬೆ, ದ್ರಾಕ್ಷಿಗಳನ್ನು ಹೆಸರಿಸಿದ್ದಾನೆ. ಅವನ ಪಟ್ಟಿಯಲ್ಲಿ ಶೇಂಗಾ ಇಲ್ಲ. ಶೇಂಗಾದ ತವರು ದಕ್ಷಿಣ ಅಮೆರಿಕ; ಇಂದಿನ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಸೀಮೆ. ಯುರೋಪಿನ ಹಡಗುಗಳ ಮೂಲಕ ಅದು ಏಷ್ಯಾಕ್ಕೂ ಆಫ್ರಿಕಾಕ್ಕೂ ಬಂತು. ನಮ್ಮಲ್ಲಿ ಹೊಲಹೊಲಕ್ಕೆ ಹರಡಿದ್ದು ಬಹಳ ತಡವಾಗಿ, 19ನೇ ಶತಮಾನದಲ್ಲಿ ಎಣ್ಣೆಗೆ ವಿದೇಶದ ಬೇಡಿಕೆ ಬಂದಾಗ. ಮಿರ್ಚಿ ಬಜ್ಜಿಯ ಮೆಣಸಿನಕಾಯಿಯೂ ಅದೇ ಅಮೆರಿಕ ಖಂಡದಿಂದ ಬಂದದ್ದು. ಅದಕ್ಕೆ ಮೊದಲು ಖಾರಕ್ಕೆ ನಮ್ಮ ಬಳಿ ಇದ್ದದ್ದು ಮುಖ್ಯವಾಗಿ ಕಾಳುಮೆಣಸು, ಶುಂಠಿ.

ಅಂದರೆ ಇಂದು ನಾವು ಈ ಸೀಮೆಯ ಹೆಗ್ಗುರುತು ಎನ್ನುವ ಎರಡು ಪದಾರ್ಥಗಳು ಹೊರಗಿನವು. ಇದರಿಂದ ಅವುಗಳ ಮೇಲಿನ ನಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಬಂದದ್ದನ್ನು ಈ ಮಣ್ಣಿಗೆ ಒಗ್ಗಿಸಿಕೊಂಡು, ಹಬ್ಬಕ್ಕೆ ಹೋಳಿಗೆಯಾಗಿಸಿ, ರೊಟ್ಟಿಗೆ ಹಿಂಡಿಯಾಗಿಸಿದ್ದು ಇಲ್ಲಿಯ ರೈತರು ಮತ್ತು ಇಲ್ಲಿಯ ತಾಯಂದಿರು. ಅಡುಗೆಯ ಪರಂಪರೆ ಹೀಗೆಯೇ ಬೆಳೆಯುವುದು.

ಇನ್ನೊಂದು ದಕ್ಷಿಣ

ಕುದಿಸಿದ ಶೇಂಗಾ ನಮ್ಮ ಸೊತ್ತು ಮಾತ್ರ ಎಂದುಕೊಳ್ಳುವವರಿಗೆ ಅಮೆರಿಕದ ದಕ್ಷಿಣ ರಾಜ್ಯಗಳ ಕಥೆ ಹೇಳಬೇಕು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕ್ಯಾರೊಲಿನಾಗಳ ಹೆದ್ದಾರಿ ಬದಿಯಲ್ಲಿ ಬೇಸಗೆಯಿಂದ ಚಳಿಗಾಲ ಬರುವ ತನಕ ದೊಡ್ಡ ಹಂಡೆಗಳಲ್ಲಿ ಉಪ್ಪುನೀರು ಹಾಕಿ ಹಸಿ ಶೇಂಗಾ ಕುದಿಸಿ ಮಾರುತ್ತಾರೆ. ಕೆಲವರು ಅದಕ್ಕೆ ಖಾರದ ಮಸಾಲೆಯನ್ನೂ ಸೇರಿಸುತ್ತಾರೆ. ದಕ್ಷಿಣ ಕ್ಯಾರೊಲಿನಾ 2006ರಲ್ಲಿ ಕುದಿಸಿದ ಶೇಂಗಾವನ್ನು ಕಾನೂನಿನ ಮೂಲಕವೇ ರಾಜ್ಯದ ಅಧಿಕೃತ ತಿನಿಸು ಎಂದು ಘೋಷಿಸಿತು. 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಜಾರ್ಜಿಯಾದ ಶೇಂಗಾ ಬೆಳೆಗಾರರಾಗಿದ್ದರು.

ಆ ನೆಲಕ್ಕೆ ಶೇಂಗಾ ತಲುಪಿದ ದಾರಿ ನೋವಿನದು. ದಕ್ಷಿಣ ಅಮೆರಿಕದಿಂದ ಆಫ್ರಿಕಾಕ್ಕೆ ಹೋದ ಕಾಳು, ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರ ಜತೆ ಮತ್ತೆ ಸಮುದ್ರ ದಾಟಿತು. ಕಾಳನ್ನು ಕುದಿಸಿ ತಿನ್ನುವ ರೂಢಿಯೂ ಅವರದೇ. ಬಹಳ ಕಾಲ ಬಡವರ ತಿನಿಸೆನಿಸಿಕೊಂಡಿದ್ದ ಶೇಂಗಾ, 20ನೇ ಶತಮಾನದ ಆರಂಭದಲ್ಲಿ ಕಾಯಿ ಕೊರೆಯುವ ಮೂತಿಹುಳು ಹತ್ತಿಯನ್ನು ಹಾಳುಮಾಡಿದಾಗ ಅಲ್ಲಿಯ ರೈತರನ್ನು ಎತ್ತಿಹಿಡಿಯಿತು. ಅಲಬಾಮಾದ ಎಂಟರ್‌ಪ್ರೈಸ್ ಎಂಬ ಊರಿನವರು, ತಮ್ಮನ್ನು ಹತ್ತಿಯಿಂದ ಶೇಂಗಾದ ಕಡೆಗೆ ತಿರುಗಿಸಿದ್ದಕ್ಕಾಗಿ ಆ ಹುಳುವಿಗೇ 1919ರಲ್ಲಿ ಸ್ಮಾರಕ ನಿಲ್ಲಿಸಿದರು. ಹತ್ತಿಗೆ ಹೆಸರಾದ ಬಳ್ಳಾರಿ ಸೀಮೆಯವರಿಗೆ ಆ ಸಂಕಟ ಅರ್ಥವಾಗದೆ ಇರದು.

ನಂಟು ಶೇಂಗಾಕ್ಕೇ ಮುಗಿಯುವುದಿಲ್ಲ. ಜೋಳ ಮತ್ತು ಅಲಸಂದೆ ಎರಡೂ ಆಫ್ರಿಕಾದಲ್ಲಿ ಹುಟ್ಟಿದವು. ನಮಗೆ ಸಾವಿರಾರು ವರ್ಷಗಳ ಹಿಂದೆಯೇ ಬಂದವು, ಅಮೆರಿಕದ ದಕ್ಷಿಣಕ್ಕೆ ಗುಲಾಮಗಿರಿಯ ಕಾಲದಲ್ಲಿ ಹೋದವು. ಅಲ್ಲಿಯವರು ಹೊಸ ವರ್ಷದ ದಿನ ಅಲಸಂದೆ ಬೆರೆಸಿದ ಅನ್ನ ತಿನ್ನುತ್ತಾರೆ, ಒಂದು ಬಗೆಯ ಜೋಳದ ದಂಟಿನಿಂದ ಪಾಕ ತೆಗೆಯುತ್ತಾರೆ, ಮೆಕ್ಕೆಜೋಳದ ನುಚ್ಚನ್ನು ಗಂಜಿ ಮಾಡಿ ಉಣ್ಣುತ್ತಾರೆ, ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೆಂಚಿಕೊಳ್ಳುತ್ತಾರೆ. ನುಚ್ಚು, ಪುಂಡಿಪಲ್ಯ ಉಂಡು ಬೆಳೆದವರಿಗೆ ಆ ತಟ್ಟೆ ಅಪರಿಚಿತ ಅನಿಸದು. ಅವರು ತಮ್ಮ ಬಡವರ ಊಟವನ್ನು ಗೌರವದ ಊಟ ಮಾಡಿಕೊಂಡರು, ಪ್ರವಾಸಿಗರು ಅದನ್ನೇ ಹುಡುಕಿಕೊಂಡು ಬರುವಂತೆ ಮಾಡಿದರು. ನಾವು ಕಲಿಯಬೇಕಾದದ್ದು ಇಲ್ಲಿದೆ.

ಬೆಳಗಿನ ಒಗ್ಗರಣಿ, ಮಧ್ಯಾಹ್ನದ ರೊಟ್ಟಿ

ಹೊಸಪೇಟೆಯಲ್ಲಿ ಬೆಳಿಗ್ಗೆ ಇಳಿದವರು ಇಡ್ಲಿ-ವಡೆ ಬಿಟ್ಟು ಒಗ್ಗರಣಿ-ಮಿರ್ಚಿ ಕೇಳಬೇಕು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆಯುತ್ತಾರೆ. ಬಾಣಲೆಯಲ್ಲಿ ಸಾಸಿವೆ, ಕರಿಬೇವು, ಶೇಂಗಾ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಹುಳಿಗೆ ಹುಣಸೆ ಅಥವಾ ನಿಂಬೆ. ಮಂಡಕ್ಕಿ ಹಾಕಿ ಕಲಸಿ, ಕೊನೆಗೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಈ ಹಿಟ್ಟು ಹೆಚ್ಚಿನ ನೀರನ್ನು ಹೀರಿ ಮಂಡಕ್ಕಿಯನ್ನು ಉದುರುದುರಾಗಿ ಇಡುತ್ತದೆ. ಜತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿ. ಒಂದು ತುತ್ತು ಒಗ್ಗರಣಿ, ಒಂದು ಕಡಿ ಮಿರ್ಚಿ, ಆಮೇಲೆ ಅರ್ಧ ಕಪ್ ಚಹಾ. ದಾವಣಗೆರೆ, ಕೊಪ್ಪಳದ ಕಡೆಗೂ ಇದೇ ರೂಢಿ. ಗಡಿಯಾಚೆ ಅನಂತಪುರ, ಕರ್ನೂಲಿನಲ್ಲಿ ಇದನ್ನೇ ಉಗ್ಗಾನಿ-ಬಜ್ಜಿ ಎನ್ನುತ್ತಾರೆ.

ಗಡಿಯ ಎರಡೂ ಕಡೆ ಒಂದೇ ತಿಂಡಿ ಏಕೆಂದು ತಿಳಿಯಲು ಚರಿತ್ರೆ ಸ್ವಲ್ಪ ಬೇಕು. 1800ರಲ್ಲಿ ಹೈದರಾಬಾದಿನ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳು ಒಟ್ಟಿಗಿದ್ದವು. ಮದ್ರಾಸ್ ಆಡಳಿತದಲ್ಲಿ ಒಂದೂವರೆ ಶತಮಾನ ಕಳೆದು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ರಾಜ್ಯಗಳ ಗೆರೆ ಬದಲಾದರೂ ಒಲೆಯ ಮೇಲಿನ ಬಾಣಲೆ ಬದಲಾಗಲಿಲ್ಲ.

ಮಧ್ಯಾಹ್ನಕ್ಕೆ ಜೋಳದ ರೊಟ್ಟಿ. ಬಿಸಿ ರೊಟ್ಟಿ ಬೇಕೋ ಕಟಕು ರೊಟ್ಟಿ ಬೇಕೋ ಎಂದು ಕೇಳುವ ಖಾನಾವಳಿಗೆ ಹೋಗಿ. ಎಳೆಯ ಬದನೆಕಾಯಿಯನ್ನು ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ, ಖಾರದ ಮಸಾಲೆ ತುಂಬಿದ ಎಣ್ಣೆಗಾಯಿ ಬರುತ್ತದೆ. ಹುಳಿಯ ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಹಸಿ ಈರುಳ್ಳಿ, ಮೆಂತ್ಯದ ಎಳೆಸೊಪ್ಪು, ಗಟ್ಟಿ ಮೊಸರು. ಅಂಚಿಗೆ ಶೇಂಗಾ ಹಿಂಡಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದ ಹಿಂಡಿ ಮಿಕ್ಸಿಯಲ್ಲಿ ತಿರುವಿದ್ದಕ್ಕಿಂತ ಎಷ್ಟೋ ಮೇಲು. ಕುಟ್ಟುವಾಗ ಕಾಳಿನ ಎಣ್ಣೆ ನಿಧಾನವಾಗಿ ಬಿಟ್ಟು ಖಾರಕ್ಕೂ ಬೆಳ್ಳುಳ್ಳಿಗೂ ಅಂಟುತ್ತದೆ. ಅದನ್ನು ಮೊಸರಿನಲ್ಲಿ ಕಲಸಿ ರೊಟ್ಟಿಗೆ ಹಚ್ಚಿಕೊಂಡು ಉಂಡವರು ಹಂಪಿಯ ಬಿಸಿಲನ್ನು ತಡೆದುಕೊಳ್ಳುತ್ತಾರೆ.

ಸೀಗಿ ಹುಣ್ಣಿಮೆಯ ದಿನ ಈ ಊಟವೆಲ್ಲ ಬುಟ್ಟಿಯಲ್ಲಿ ಹೊಲಕ್ಕೆ ಹೋಗುತ್ತದೆ. ಬೆಳೆದು ನಿಂತ ಪೈರಿಗೆ ಚರಗ ಚೆಲ್ಲಿ, ಭೂಮಿತಾಯಿಗೆ ಮೊದಲ ತುತ್ತು ಕೊಟ್ಟು, ಮನೆಮಂದಿಯೆಲ್ಲ ಹೊಲದಲ್ಲೇ ಕೂತು ಉಣ್ಣುತ್ತಾರೆ. ಅದೇ ದಿನಗಳಲ್ಲಿ ಹಸಿ ಶೇಂಗಾ ಗಿಡವನ್ನು ಒಣಹುಲ್ಲಿನ ಬೆಂಕಿಯಲ್ಲಿ ಸುಟ್ಟು, ಬೂದಿ ಕೊಡವಿ ತಿನ್ನುವ ರೂಢಿಯೂ ಉಂಟು. ಕುದಿಸಿದ್ದು ಪೇಟೆಯ ರುಚಿಯಾದರೆ ಸುಟ್ಟದ್ದು ಹೊಲದ ರುಚಿ. ಯಾರಾದರೂ ಹೊಲಕ್ಕೆ ಕರೆದರೆ ಬೇಡ ಎನ್ನಬಾರದು.

ಕಾಲುವೆಯ ಸಿಹಿ

ಕಂಪ್ಲಿಗೆ ಬಂದರೆ ನೋಟವೇ ಬದಲಾಗುತ್ತದೆ. ತುಂಗಭದ್ರೆಯ ದಡ, ಕಣ್ಣು ಹಾಯುವಷ್ಟು ಭತ್ತದ ಗದ್ದೆ, ನಡುನಡುವೆ ಕಬ್ಬು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ಮುಗಿದ ತುಂಗಭದ್ರಾ (ಟಿ.ಬಿ.) ಡ್ಯಾಂ ನೀರಾವರಿಯನ್ನು ದೊಡ್ಡದು ಮಾಡಿತು. ಆದರೆ ಕಾಲುವೆ ಇಲ್ಲಿಗೆ ಹೊಸದಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಅವಶೇಷಗಳ ನಡುವೆ ಹರಿಯುವ ತುರ್ತು ಕಾಲುವೆ ವಿಜಯನಗರದ ಕಾಲದವು. ನಗರ 1565ರಲ್ಲಿ ಬಿತ್ತು, ಕಾಲುವೆಗಳು ಇಂದಿಗೂ ಗದ್ದೆಗೆ ನೀರು ಹಾಯಿಸುತ್ತಿವೆ. ಹಂಪಿಯಲ್ಲಿ ಕೆಡದೆ ಉಳಿದ ಅತಿ ದೊಡ್ಡ ಸ್ಮಾರಕ ಯಾವುದೆಂದು ಕೇಳಿದರೆ ನಾನು ಈ ಕಾಲುವೆಗಳನ್ನು ತೋರಿಸುತ್ತೇನೆ.

ಕಾಲುವೆಯ ಕಬ್ಬು ಗಾಣದಲ್ಲಿ ಬೆಲ್ಲವಾಗುತ್ತದೆ. ಆ ಬೆಲ್ಲ ಒಣಹೊಲದ ಶೇಂಗಾ ಸೇರಿದಾಗ ಹಬ್ಬವಾಗುತ್ತದೆ. ನಾಗರ ಪಂಚಮಿಗೆ ಶೇಂಗಾ ಉಂಡಿ, ಸಂಕ್ರಾಂತಿಗೆ ಶೇಂಗಾ ಹೋಳಿಗೆ. ಹುರಿದು ಸಿಪ್ಪೆ ಹಾರಿಸಿದ ಕಾಳನ್ನು ಪುಡಿ ಮಾಡಿ, ಬೆಲ್ಲ, ಏಲಕ್ಕಿ ಬೆರೆಸಿ, ಕಣಕದಲ್ಲಿ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸಿದ ಈ ಹೋಳಿಗೆಯಲ್ಲಿ ನೀರಿನ ಪಸೆ ಕಡಿಮೆ. ಅದಕ್ಕೇ ವಾರವಿಟ್ಟರೂ ಕೆಡುವುದಿಲ್ಲ. ದೂರದೂರಿನ ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಲು ಇದಕ್ಕಿಂತ ತಕ್ಕ ಸಿಹಿ ಬೇರೆಯಿಲ್ಲ. ಹಂಪಿಯಿಂದ ಮನೆಗೆ ಏನು ಒಯ್ಯಬೇಕೆಂದು ಕೇಳುವವರಿಗೂ ನನ್ನ ಉತ್ತರ ಇದೇ.

ಕಮಲಾಪುರದ ಸುತ್ತ ಬೆಳೆಯುವ ಸುಗಂಧಿ ಬಾಳೆಯನ್ನು ಮರೆಯಬಾರದು. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಕಲಬುರಗಿ ಜಿಲ್ಲೆಯ ಇನ್ನೊಂದು ಕಮಲಾಪುರದ್ದು. ಎರಡನ್ನೂ ಒಂದೇ ಎಂದು ತಿಳಿಯುವವರು ಇದ್ದಾರೆ. ಹಂಪಿ ಪಕ್ಕದ್ದು ಹುಳಿಸಿಹಿಯ ಸಣ್ಣ ಸುಗಂಧಿ. ದೇವಸ್ಥಾನದ ಮುಂದೆ ಅರ್ಚನೆಗೆ ಕೊಂಡ ಚಿಪ್ಪನ್ನೇ ಬಿಡಿಸಿ ತಿಂದು ನೋಡಿ. ಮಾಂಸಾಹಾರಿಗಳಿಗೆ ಹೊಸಪೇಟೆಯಲ್ಲಿ ಡ್ಯಾಮಿನ ಮೀನಿದೆ. ಸಂಡೂರಿಗೆ ಹೋದವರು ಕುಮಾರಸ್ವಾಮಿ ಬೆಟ್ಟ ನೋಡಿ, ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕೊಳ್ಳುತ್ತಾರೆ. ಆ ಕಸೂತಿಗೆ ಜಗತ್ತಿನಲ್ಲಿ ಹೆಸರಾಗಿದೆ, ಅದೇ ತಾಂಡಾಗಳ ಒಲೆಯ ಮೇಲೆ ಬೇಯುವ ಜೋಳದ ಬಾಟಿಗೆ ಇನ್ನೂ ಆ ಮನ್ನಣೆ ಸಿಕ್ಕಿಲ್ಲ.

ಇನ್ನು ಮಾಡಬೇಕಾದದ್ದು

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಕಲ್ಲಿನ ಪರಂಪರೆಯನ್ನು ಕಾಯಲು ಇಲಾಖೆಗಳಿವೆ, ಕಾನೂನುಗಳಿವೆ. ಊಟದ ಪರಂಪರೆಯನ್ನು ಕಾಯುವವರು ಉಣ್ಣುವವರು ಮತ್ತು ಬಡಿಸುವವರು ಮಾತ್ರ. ಕೇಳುವವರಿಲ್ಲದಿದ್ದರೆ ಬೆಳೆಯುವವರೂ ಉಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷ, ಬೀಜದ ಬೆಲೆ ಏರಿದ ವರ್ಷ, ಕಾಡುಹಂದಿ ನುಗ್ಗಿದ ವರ್ಷ ಶೇಂಗಾ ಬಿಟ್ಟು ಮೆಕ್ಕೆಜೋಳಕ್ಕೆ ಹೋದ ರೈತನನ್ನು ವಾಪಸ್ ಕರೆತರುವುದು ಸುಲಭವಲ್ಲ.

ಹೋಟೆಲು, ಹೋಂಸ್ಟೇ ನಡೆಸುವವರಲ್ಲಿ ಒಂದು ಬಿನ್ನಹ. ಸುಗ್ಗಿಯಲ್ಲಿ ಅತಿಥಿಗೆ ಮೊದಲು ಒಂದು ಬಟ್ಟಲು ಕುದಿಸಿದ ಶೇಂಗಾ ಕೊಡಿ. ಬೆಳಗಿನ ತಿಂಡಿಯ ಪಟ್ಟಿಯಲ್ಲಿ ಒಗ್ಗರಣಿ-ಮಿರ್ಚಿ ಮೇಲಿನ ಸಾಲಿನಲ್ಲಿರಲಿ. ಹಂಪಿ ಉತ್ಸವ ನಡೆಸುವವರಲ್ಲಿ ಇನ್ನೊಂದು. ಗೋಬಿ, ಪಾನಿಪುರಿಗೆ ಕೊಡುವ ಜಾಗದಷ್ಟನ್ನೇ ಈ ನಾಲ್ಕೂ ಊರುಗಳ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿ, ಹಿಂಡಿ, ಹೋಳಿಗೆಗೆ, ವೇದಿಕೆಗೆ ಹತ್ತಿರದಲ್ಲೇ ಕೊಡಿ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಹೊಸಪೇಟೆಯಲ್ಲಿ ಇಳಿದಾಗ ಅಕ್ಟೋಬರ್ ಆಗಿದ್ದರೆ, ಏಪ್ರಿಲ್ ಆಗಿದ್ದರೆ, ತಳ್ಳುಗಾಡಿಯ ಮುಂದೆ ನಿಲ್ಲಿ. ಚೌಕಾಸಿ ಮಾಡದೆ ಒಂದು ಪಾವು ಶೇಂಗಾ ಕೊಳ್ಳಿ, ಯಾವ ಊರಿನ ಹೊಲದ್ದು ಎಂದು ಕೇಳಿ, ಬಿಸಿಯಿರುವಾಗಲೇ ತಿನ್ನಿ. ಹಂಪಿಯನ್ನು ಆಮೇಲೆ ನೋಡಿದರಾಯಿತು.